ಮಾತಿನ ಮೇಲೆ ಕಂಬ ಹತ್ತಿದವರು

ನಮ್ಮ ಮನೆಯಲ್ಲಿ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳುವುದು ನಮ್ಮಣ್ಣನ ಗಂಟಲು. ವಿದ್ಯುತ್ ಇಲಾಖೆಯ ಲೈನ್ ಗ್ಯಾಂಗಿಗೆ ಅವನು ಮೇಸ್ತ್ರಿ. ಹೆಂಡತಿಯೂ ಮೇಸ್ತ್ರಿ ಎಂದೇ ಕರೆಯುತ್ತಾಳೆ, ನಾನೂ ಹಾಗೇ ಕರೆಯುತ್ತೇನೆ. ಗಂಡ ಸತ್ತ ಮೇಲೆ ಬಂದು ಮುಂದಿನ ಕೋಣೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡಿರುವ ತಂಗಿ ನಾನು. ನನ್ನ ಬಾಯಿ ಕೆಟ್ಟದ್ದು ಎಂಬುದು ಮನೆಯವರ ದೂರು. ಇರಲಿ, ಕೆಟ್ಟ ಬಾಯಿಯಿಂದಲೇ ಕೇಳಿ.

"ಏ ಎಮ್ಟೆಕ್ಕು! ನನ್ನ ಬೂಟು ಎಲ್ಲೇ?" ಇದು ಅವನ ಸುಪ್ರಭಾತ. ಎಮ್ಟೆಕ್ಕು ಎಂದರೆ ಅವನ ಮಗಳು. ವಿದ್ಯುತ್ ಶಕ್ತಿ ವಿಭಾಗದಲ್ಲಿ ಎಂ.ಟೆಕ್ ಓದುತ್ತಿದ್ದಳು, ಕೊನೆಯ ವರ್ಷ. ಊಟದ ಮೇಜಿನ ಒಂದು ಮೂಲೆ ಅವಳದು. ಅಲ್ಲಿ ಟ್ರಾನ್ಸ್‌ಫಾರ್ಮರುಗಳ ಚಿತ್ರ ಹರಡಿಕೊಂಡು ಕೂತರೆ ಪಲ್ಯದ ಪಾತ್ರೆ ಇಡಲೂ ಜಾಗವಿರುತ್ತಿರಲಿಲ್ಲ. ಬೂಟು ಹುಡುಕಿಕೊಡುವವಳು, ನೀರು ತರುವವಳು, ಕಸ ಗುಡಿಸುವವಳು ಅವಳೇ. ಓದಿಗಾಗಿ ಒಂದು ಕೆಲಸವೂ ಕಡಿಮೆಯಾಗಿರಲಿಲ್ಲ, ಹಂಗಿಸುವುದಕ್ಕೆ ಒಂದು ಹೆಸರು ಹೆಚ್ಚಾಗಿತ್ತು, ಅಷ್ಟೇ.

ಮಗ ದೊಡ್ಡವನು. ಅಪ್ಪನ ಗ್ಯಾಂಗಿನಲ್ಲೇ ಹೊಸದಾಗಿ ಲೈನ್‌ಮನ್ ಆಗಿದ್ದ. ನಗುಮುಖದ ಹುಡುಗ, ತಂಗಿಯೆಂದರೆ ಪ್ರಾಣ. ಅವನ ಪ್ರಾಣವನ್ನೇ ತೆಗೆದ ಪದ್ಧತಿ ಯಾವುದು ಎಂದು ಹೇಳುತ್ತೇನೆ.

ತಂತಿ ರಿಪೇರಿಗೆ ಹೋದಾಗ ವಿದ್ಯುತ್ ಸ್ಟೇಷನ್ನಿನ ಆಪರೇಟರು ಲೈನ್ ಆಫ್ ಮಾಡಿ ಫೋನಿನಲ್ಲಿ ಹೇಳುತ್ತಾನೆ: "ಆಫ್ ಮಾಡಿದೀನಿ, ಹತ್ತಪ್ಪ." ಹತ್ತುವ ಮುಂಚೆ ಒಂದು ತಾಮ್ರದ ಸರಪಳಿಯನ್ನು ತಂತಿಗೆ ಸಿಕ್ಕಿಸಿ ನೆಲಕ್ಕೆ ಕಟ್ಟಬೇಕು. ಎಲ್ಲಿಂದಾದರೂ ಕಳ್ಳ ಕರೆಂಟು ಬಂದರೆ ಅದು ಮನುಷ್ಯನನ್ನು ಬಿಟ್ಟು ನೆಲಕ್ಕಿಳಿಯುತ್ತದೆ. ಇಲಾಖೆ ಸರಪಳಿ ಕೊಟ್ಟಿದೆ. ಅದು ಗಾಡಿಯ ಮೂಲೆಯಲ್ಲಿ ಕೊಳೆಯುತ್ತದೆ. ಏಕೆಂದರೆ ಇವರ ಗ್ಯಾಂಗಿನಲ್ಲಿ, ಇವರ ಅಪ್ಪಂದಿರ ಕಾಲದಿಂದ, ಸರಪಳಿ ಕಟ್ಟುವುದು ಅವಮಾನ.

ಮಗಳು ಒಂದು ದಿನ ಊಟದ ಹೊತ್ತಿಗೆ ಮಾತು ತೆಗೆದಳು. "ಅಪ್ಪ, ಸ್ಟೇಷನ್ನಲ್ಲಿ ಆಫ್ ಮಾಡಿದ್ರೂ ಲೈನು ಸತ್ತಿರತ್ತೆ ಅಂತ ಹೇಳೋಕಾಗಲ್ಲ. ಯಾರೋ ಮೇನ್ ಸ್ವಿಚ್ ತೆಗೆದು ಮನೇನ ಲೈನಿಂದ ಬಿಡಿಸ್ದೆ ಜನರೇಟರ್ ಹಾಕ್ತಾರೆ ಅಂದ್ಕೊಳ್ಳಿ. ಆ ಕರೆಂಟು ಹಿಂದಕ್ಕೆ ಹೋಗಿ ಟ್ರಾನ್ಸ್‌ಫಾರ್ಮರ್ ಸೇರತ್ತೆ. ವೋಲ್ಟೇಜ್ ಇಳಿಸೋ ಟ್ರಾನ್ಸ್‌ಫಾರ್ಮರೇ ಆಗ ಏರಿಸತ್ತೆ. ಕಂಬದ ಮೇಲೆ ಸಾವಿರಗಟ್ಟಲೆ ವೋಲ್ಟು!"

"ನನಗೇ ಪಾಠ ಹೇಳ್ತೀಯಾ? ಕಂಬ ಹತ್ತಿ ಹತ್ತಿ ಮಂಡಿ ಸವೆದಿದೆ ನಂದು. ನಿನ್ನ ಪುಸ್ತಕಕ್ಕೆ ಯಾವತ್ತಾದ್ರೂ ಕರೆಂಟು ಹೊಡೆದಿದ್ಯಾ?"

"ಹೊಡೆದೋರ ಲೆಕ್ಕಾನೇ ಪುಸ್ತಕದಲ್ಲಿರೋದು. ಸರಪಳಿ ಕಟ್ಟೋಕೆ ಎಷ್ಟು ಹೊತ್ತು ಬೇಕು ಹೇಳಿ?"

"ಹೊತ್ತಿನ ಮಾತಲ್ವೇ, ಮರ್ಯಾದೆ ಮಾತು. ಒಬ್ಬ ಗಂಡಸು 'ಆಫ್ ಮಾಡಿದೀನಿ' ಅಂತ ಮಾತು ಕೊಟ್ಟ ಮೇಲೂ ಸರಪಳಿ ಹಾಕಿದ್ರೆ ಏನರ್ಥ? ನೀನು ಸುಳ್ಳುಗಾರ ಅಂತ ಮುಖಕ್ಕೆ ಉಗಿದ ಹಾಗೆ."

"ಅವರು ನಿಜಾನೇ ಹೇಳಿದ್ರೂ ಅಣ್ಣ ಸಾಯಬಹುದಲ್ಲಪ್ಪಾ!"

"ಥೂ, ಬಿಡ್ತು ಅನ್ನೇ!" ಎಂದು ಅತ್ತಿಗೆ ಸೌಟು ಕುಕ್ಕಿದಳು. ಅಪಶಕುನ ನುಡಿದವಳು ಮಗಳೇ ಹೊರತು ಬರಿಗೈಲಿ ಹತ್ತಿಸುವ ಗಂಡನಲ್ಲ! ಈ ಮನೆಯ ನ್ಯಾಯ ಯಾವಾಗಲೂ ಹೀಗೇ.

ಮಗನ ತಲೆಗೆ ಮಾತ್ರ ತಂಗಿಯ ಮಾತು ಹೋಯಿತು. ಮಾರನೆಯ ದಿನ ಕಂಬದ ಬುಡದಲ್ಲಿ ಸರಪಳಿ ಕೈಗೆತ್ತಿಕೊಂಡ. ಗ್ಯಾಂಗಿನವರು ಬಿದ್ದು ಬಿದ್ದು ನಕ್ಕರು. ಮಧ್ಯಾಹ್ನ ಅವನು ಊಟದ ಡಬ್ಬಿ ತೆರೆದರೆ ಒಳಗೆ ಒಂದು ಜೊತೆ ಬಳೆ. ಮೇಸ್ತ್ರಿ ಸಂಜೆ ಆ ಬಳೆಗಳನ್ನು ತಂದು ಮಗಳ ಪುಸ್ತಕದ ಮೇಲೆ ಎಸೆದ.

"ನೋಡು ನಿನ್ನ ಎಂ.ಟೆಕ್ಕಿನ ಫಲ! ಹತ್ತು ಜನರ ಮುಂದೆ ನನ್ನ ಮಗ ತಲೆ ತಗ್ಗಿಸಿ ನಿಂತ."

"ನಮ್ಮ ಪ್ರೊಫೆಸರ್ ಬಂದು ಗ್ಯಾಂಗಿಗೆ ತಿಳಿಸಿ ಹೇಳ್ತಾರಂತೆ, ಇಂಜಿನಿಯರ್ ಹತ್ರಾನೂ ಮಾತಾಡ್ತಾರಂತೆ..."

"ಗ್ಯಾಂಗಿನ ಮುಂದೆ, ಆಫೀಸರ ಮುಂದೆ ಒಂದು ಮಾತಾಡಿದ್ಯೋ, ಅವತ್ತಿಗೆ ನಿನ್ನ ಕಾಲೇಜು ಬಂದ್. ಹೇಳೋದಿದ್ರೆ ನನಗೆ ಹೇಳು, ನಾಲ್ಕು ಗೋಡೆ ಒಳಗೆ ಹೇಳು."

ಹುಡುಗಿ ಬಾಯಿ ಮುಚ್ಚಿಕೊಂಡಳು. ಡಿಗ್ರಿ ಇನ್ನೇನು ಕೈಗೆ ಬರುವುದರಲ್ಲಿತ್ತು. ಅದು ಸಿಕ್ಕರೆ ನಾಳೆ ಅವಳೇ ಆಫೀಸರಾಗಿ ಬಂದು ನಿಯಮ ಮಾಡಬಹುದು ಎಂದು ನನ್ನ ಬಳಿ ಹೇಳಿಕೊಂಡಳು. ಅಣ್ಣನೂ ಮತ್ತೆ ಸರಪಳಿ ಮುಟ್ಟಲಿಲ್ಲ.

ಅಷ್ಟರಲ್ಲಿ ಮೇಸ್ತ್ರಿಗೆ ಮಗಳ ಮದುವೆಯ ಹುಚ್ಚು ಹಿಡಿಯಿತು. ಓದು ಹೆಚ್ಚಾದರೆ ನಾಲಿಗೆ ಉದ್ದವಾಗುತ್ತದೆ, ಬೇಗ ದಾಟಿಸಿಬಿಡಬೇಕು ಎಂಬುದು ಅವನ ಲೆಕ್ಕ. ಮಾತು ಪಕ್ಕಾ ಮಾಡಲು ಗಂಡಿನ ಕಡೆಯವರು ಒಂದು ಭಾನುವಾರ ಬರುವುದೆಂದಾಯಿತು. ಬೆಳಿಗ್ಗೆ ಜೋರು ಗಾಳಿ ಬೀಸಿ ನಮ್ಮ ಬಡಾವಣೆಯ ಆಚೆ ತಂತಿಯ ಮೇಲೆ ಮರ ಬಿತ್ತು. ಕರೆಂಟು ಹೋಯಿತು. ರಜೆಯಲ್ಲಿದ್ದ ಮಗ ತಾನೇ ಎದ್ದು ಹೊರಟ. "ನೆಂಟರು ಬರೋದ್ರೊಳಗೆ ಹಾಕಿಸ್ತೀನಿ" ಎಂದು ತಂಗಿಯ ತಲೆಗೊಂದು ಮೊಟಕಿದ.

ನೆಂಟರು ಬೇಗ ಬಂದರು. ಫ್ಯಾನಿಲ್ಲ, ನಲ್ಲಿಯಲ್ಲಿ ನೀರಿಲ್ಲ. ಮೇಸ್ತ್ರಿಗೆ ಮುಖಭಂಗವಾಯಿತು. ಪಕ್ಕದ ಬೀದಿಯ ಪೆಂಡಾಲ್ ಅಂಗಡಿಯಿಂದ ದೊಡ್ಡ ಜನರೇಟರ್ ತರಿಸಿ ಅದರ ವೈರನ್ನು ನೇರವಾಗಿ ಪಡಸಾಲೆಯ ಪ್ಲಗ್ಗಿಗೆ ಚುಚ್ಚಿದ. ಮೇನ್ ಸ್ವಿಚ್ ತೆಗೆಯಲಿಲ್ಲ. ಅಲ್ಲಿ ಮಗ ಕಂಬದ ಮೇಲಿದ್ದಾನೆ ಎಂಬುದು ಗೊತ್ತಿದ್ದೂ ತೆಗೆಯಲಿಲ್ಲ. ಆಪರೇಟರು ಮಾತು ಕೊಟ್ಟಿದ್ದಾನೆ, ಲೈನ್ ಆಫ್ ಆಗಿದೆ, ಇನ್ನೇನು ಭಯ!

ಒಳಕೋಣೆಯಲ್ಲಿ ಅಲಂಕಾರ ಮಾಡಿಸಿಕೊಳ್ಳುತ್ತಿದ್ದ ಮಗಳು ದೀಪ ಹತ್ತಿದ್ದು ನೋಡಿದಳು, ಜನರೇಟರಿನ ಸದ್ದು ಕೇಳಿದಳು. "ಮೇನ್ ತೆಗೆದಿದ್ದಾರಾ?" ಎಂದು ಚೀರಿ ಬಾಗಿಲಿಗೆ ಓಡಿದಳು. ಅತ್ತಿಗೆ ಅಡ್ಡ ನಿಂತಳು. "ನೆಂಟರು ಕೂತಿದ್ದಾರೆ ಕಣೇ, ಹೀಗೆ ಕಿರುಚಿಕೊಂಡು ಓಡಿದ್ರೆ ಏನಂತಾರೆ?" ಆ ಚೀರಾಟ ಕೇಳಿ ನಾನು ಅಡುಗೆಮನೆಯಿಂದ ಬಂದು ಅತ್ತಿಗೆಯ ರಟ್ಟೆ ಹಿಡಿದು ಎಳೆದೆ. ಹುಡುಗಿ ನೆಂಟರ ಕಾಲು ದಾಟಿಕೊಂಡು ಹೋಗಿ ವೈರ್ ಕಿತ್ತಳು. "ನಾಚಿಕೆಗೆಟ್ಟವಳೇ!" ಎಂದು ಮೇಸ್ತ್ರಿ ಅವಳ ಕೆನ್ನೆಗೆ ಹೊಡೆದ. ಅವಳ ಕೆನ್ನೆಯ ಮೇಲಿನ ಬೆರಳ ಗುರುತು ಇನ್ನೂ ಮಾಸಿರಲಿಲ್ಲ, ಗ್ಯಾಂಗಿನವನೊಬ್ಬ ಓಡಿ ಬಂದು ಗೇಟಿನಲ್ಲಿ ಬಾಯಿ ಬಡಿದುಕೊಂಡ.

ಹುಡುಗ ಕಂಬದ ಮೇಲೇ ಹೋಗಿಬಿಟ್ಟಿದ್ದ. ಅವನು ಮಗುವಾಗಿದ್ದಾಗ ಎತ್ತಿ ಆಡಿಸಿದವಳು ನಾನು. ಅವನ ಸುಟ್ಟ ಕೈಗಳನ್ನು ನನಗೆ ತೋರಿಸಬಾರದಿತ್ತು.

ಆಮೇಲೆ ನಡೆದದ್ದು ಸಾವಿಗಿಂತ ಹೇಸಿಗೆ. ಗ್ಯಾಂಗಿನವರು ಸ್ಟೇಷನ್ನಿಗೆ ನುಗ್ಗಿ ಆಪರೇಟರನ್ನು ನೆಲಕ್ಕೆ ಕೆಡವಿ ತುಳಿದರು. "ಮಾತು ತಪ್ಪಿದ ನನ್ಮಗ!" ಅವನು ರಕ್ತ ಒರೆಸಿಕೊಳ್ಳುತ್ತ "ಆಫ್ ಮಾಡಿದ್ದೆ, ನನ್ನ ಮಕ್ಕಳಾಣೆ ಆಫ್ ಮಾಡಿದ್ದೆ" ಎನ್ನುತ್ತಿದ್ದನಂತೆ. ಅವನನ್ನು ಅಮಾನತಿನಲ್ಲಿಟ್ಟರು. ಮೇಸ್ತ್ರಿ ಎಲ್ಲವನ್ನೂ ಕೇಳಿಸಿಕೊಂಡ. ಅವನಿಗೆ ನಿಜ ಗೊತ್ತಿತ್ತು, ಆದರೂ ತುಟಿ ಬಿಚ್ಚಲಿಲ್ಲ. ಜನರೇಟರನ್ನು ಅಂದೇ ಅಂಗಡಿಗೆ ಕಳಿಸಿಬಿಟ್ಟಿದ್ದ.

ತನಿಖೆಯ ಅಧಿಕಾರಿ ನಮ್ಮ ಮನೆಗೆ ಬಂದ ದಿನ ಗ್ಯಾಂಗಿನವರೆಲ್ಲ ಅಂಗಳದಲ್ಲಿ ಅವನ ಸುತ್ತ ಸೇರಿದ್ದರು. ಒಳಗೆ ಮಗಳನ್ನು ಎಲ್ಲರೂ ಮುತ್ತಿಕೊಂಡರು.

"ಹೋದೋನು ಬರಲ್ಲ. ಇರೋರನ್ನಾದ್ರೂ ಉಳಿಸ್ಕೊಳ್ಳೇ" ಎಂದು ಅತ್ತಿಗೆ ಅವಳ ಗಲ್ಲ ಹಿಡಿದಳು.

ಅತ್ತಿಗೆಯ ತಮ್ಮ ದೊಡ್ಡ ಬುದ್ಧಿವಂತ. "ಆಪರೇಟರದು ಏನು, ಈ ಕೆಲಸ ಹೋದ್ರೆ ಇನ್ನೊಂದು. ನಿಮ್ಮಪ್ಪ ಜೈಲಿಗೆ ಹೋದ್ರೆ ಮನೆ ಮರ್ಯಾದೆ ಏನಾಗ್ಬೇಕು?"

"ಥೂ ನಿಮ್ಮ ಮರ್ಯಾದೆಗಿಷ್ಟು ಬೆಂಕಿ ಹಾಕ! ಒಂದು ಹೆಣ ಸಾಲದಾ ಅದಕ್ಕೆ?" ಎಂದೆ ನಾನು. ನನ್ನನ್ನು ಯಾರೂ ತಿರುಗಿ ನೋಡಲಿಲ್ಲ.

ಆಗ ಮೇಸ್ತ್ರಿ ಮಗಳ ಮುಂದೆ ಕೈಮುಗಿದ. ಹುಟ್ಟಿದಾಗಿನಿಂದ ನೋಡಿದ್ದೇನೆ, ಅವನು ಯಾರ ಮುಂದೆಯೂ ಕೈಮುಗಿದವನಲ್ಲ. "ತಪ್ಪು ನಂದೇ ಕಣಮ್ಮ. ಎಷ್ಟು ಬೇಕಾದ್ರೂ ಬಯ್ಯಿ, ಹೊಡಿ. ಆದ್ರೆ ಆ ಮಾತು ನನಗೆ ಮಾತ್ರ ಹೇಳು. ಅವರ ಮುಂದೆ ಬೇಡ. ನಿನ್ನ ಓದು ಮುಗಿಯೋವರೆಗೂ ಯಾರೂ ತಡೆಯಲ್ಲ, ಮದುವೆ ಮಾತೂ ಎತ್ತಲ್ಲ."

ಎಲ್ಲಿ ಒಪ್ಪಿಬಿಡುತ್ತಾಳೋ ಎಂದು ಹೆದರಿದೆ. ಇಪ್ಪತ್ತಮೂರು ವರ್ಷದ ಹುಡುಗಿ, ಎದುರಿಗೆ ಹೆತ್ತ ಅಪ್ಪ.

ಅವಳು ಅವನ ಜೋಡಿಸಿದ ಕೈಗಳನ್ನು ಬಿಡಿಸಿದಳು.

"ನಿಮಗೆ ಮಾತ್ರ ಹೇಳಿದ್ದಕ್ಕೇ ಅಪ್ಪ, ಅಣ್ಣ ಹೋಗಿದ್ದು."

ಬಾಗಿಲು ತೆಗೆದು ಅಂಗಳಕ್ಕೆ ನಡೆದಳು. ನಾನು ಅವಳ ಹಿಂದೆಯೇ ಹೋದೆ. ಗ್ಯಾಂಗಿನವರು ದಾರಿ ಬಿಡಲಿಲ್ಲ, ಅವಳೇ ಸರಿಸಿಕೊಂಡು ಹೋಗಿ ಅಧಿಕಾರಿಯ ಎದುರು ನಿಂತು ಎಲ್ಲರಿಗೂ ಕೇಳುವಂತೆ ಹೇಳಿದಳು: "ಸಾರ್, ಆಪರೇಟರ್ ಸುಳ್ಳು ಹೇಳಿಲ್ಲ, ಲೈನ್ ಆಫ್ ಆಗಿತ್ತು. ನಮ್ಮಣ್ಣನ್ನ ಕೊಂದ ಕರೆಂಟು ಹೋಗಿದ್ದು ಈ ಮನೆಯಿಂದ."