ಬೋರಲು ಸಾಯುವ ಕೆಲಸ

"ಬೋಳಿಮಗನೇ, ಬೋರಲು ಬಿದ್ದು ಸಾಯೋ ಅಂದ್ರೆ ಮಕ ಯಾಕೋ ತಿರುಗಿಸ್ತೀಯಾ?" ನಿರ್ದೇಶಕರು ಕೂಗಿದರು.

ಉರುಳಣ್ಣ ಎದ್ದು ಮೂಗಿಗೆ ಮೆತ್ತಿದ ಧೂಳು ಒರೆಸಿಕೊಂಡ. ಬೆಳಗಿನಿಂದ ರಿಹರ್ಸಲ್ಲಿನಲ್ಲೇ ಆರು ಸಲ ಸತ್ತಾಗಿತ್ತು.

ಸಾಯುವುದರಲ್ಲಿ ಅವನನ್ನು ಮೀರಿಸಿದವರಿಲ್ಲ. ಹತ್ತು ವರ್ಷದ ಹಿಂದೆ ಒಂದು ಸಿನಿಮಾದಲ್ಲಿ ಹೀರೋ ಕೊಟ್ಟ ಒಂದೇ ಏಟಿಗೆ ಮಹಡಿಯಿಂದ ಉರುಳಿ, ಕೆಳಗೆ ಬಂದು ಟೋಪಿ ಸರಿಮಾಡಿಕೊಂಡು, ಆಮೇಲೆ ಪ್ರಾಣ ಬಿಟ್ಟಿದ್ದ. ಟಾಕೀಸಿನಲ್ಲಿ ಶಿಳ್ಳೆಯೋ ಶಿಳ್ಳೆ! ಉರುಳಣ್ಣ ಎಂಬ ಹೆಸರು ಬಂತು, ಕೂರಲು ಕುರ್ಚಿ ಬಂತು. ಬೀದಿಯಲ್ಲಿ ಹೋದರೆ "ಅಣ್ಣಾ, ಒಂದ್ಸಲ ಸಾಯಣ್ಣಾ" ಎಂದು ಜನ ದುಂಬಾಲು ಬೀಳುತ್ತಿದ್ದರು. ಪಾಪ, ಅವನೂ ಅಲ್ಲೇ ಸತ್ತು ತೋರಿಸುತ್ತಿದ್ದ.

ಹೀರೋಗೆ ಹೊಟ್ಟೆ ಉರಿಯಿತು. ಕೊಂದವನಿಗಿಲ್ಲದ ಶಿಳ್ಳೆ ಸತ್ತವನಿಗ್ಯಾಕೆ? ಅಂದಿನಿಂದ ಉರುಳಣ್ಣ ಬೆನ್ನು ತೋರಿಸಿ ಸಾಯಬೇಕಾಯಿತು. ಆಮೇಲೆ ಕಂಬದ ಹಿಂದೆ ಸತ್ತ. ಹೋದ ವರ್ಷವೆಲ್ಲ ಕಂಬಳಿಯೊಳಗೇ ಸತ್ತ. "ನಿನ್ನನ್ನ ಹುಡುಕೀ ಹುಡುಕೀ ಕಣ್ಣು ನೋವು ಬಂತು ಕಣೋ" ಎಂದು ಅಮ್ಮ ಟಾಕೀಸಿನಿಂದ ಬಂದು ಗೊಣಗಿದ್ದಳು. ಅವನಿಗೆ ಅಳುವೇ ಬಂದಿತ್ತು.

"ಸಾರ್, ಒಂದೇ ಒಂದ್ಸಲ ಮಕ ತೋರಿಸಿ ಸಾಯ್ತೀನಿ. ನಮ್ಮಮ್ಮ ನೋಡ್ಲಿ."

"ನಿನ್ನ ಮೂತಿ ಯಾರಿಗೋ ಬೇಕು, ಬೇವರ್ಸಿ?" ಹೀರೋ ನಕ್ಕ. "ಬೋರಲು ಬೀಳು. ಇಲ್ಲಾಂದ್ರೆ ನಾಳೆಯಿಂದ ಗೇಟಿನಾಚೆ ಹೋಗಿ ಸಾಯಿ."

ಕ್ಯಾಮೆರಾ ಓಡತೊಡಗಿತು. ಹೀರೋ ಪಿಸ್ತೂಲು ಹಾರಿಸಿದ. ಢಂ! ಉರುಳಣ್ಣ ನಿಂತೇ ಇದ್ದ. ಢಂ, ಢಂ! ಅವನು ಎದೆ ಮುಟ್ಟಿ ನೋಡಿಕೊಂಡು, ಕ್ಯಾಮೆರಾದತ್ತ ತಿರುಗಿ ಹಲ್ಲು ಕಿರಿದ.

"ಸಾಯೋ ಲೌಡಿಮಗನೇ! ಉಳಿದಿರೋದು ಇದೊಂದೇ ರೀಲು!" ನಿರ್ದೇಶಕರು ತಲೆ ಚಚ್ಚಿಕೊಂಡರು.

"ಇಲ್ಲ ಸಾರ್. ಇವತ್ತು ಸಾಯೋಕೆ ಮನಸ್ಸಿಲ್ಲ."

ಅವನ ಸುತ್ತ, ಸುಡುವ ದೀಪಗಳ ಕೆಳಗೆ, ಬೆಳಗಿನಿಂದ ನೀರೂ ಇಲ್ಲದೆ ಹನ್ನೊಂದು ಜನ ಸತ್ತು ಬಿದ್ದಿದ್ದರು. ಅವರಲ್ಲೊಬ್ಬ ಕಿಸಕ್ಕನೆ ನಕ್ಕು, ಬೆನ್ನು ತುರಿಸಿಕೊಳ್ಳುತ್ತ ಎದ್ದ. ಪಕ್ಕದವನೂ ಎದ್ದ.

"ಮಲಗ್ರೋ! ನೀವೆಲ್ಲ ಸತ್ತಿದೀರಿ ಕಣ್ರೋ!"

"ಹೌದಾ? ನಮಗ್ಯಾರೂ ಹೇಳ್ಲೇ ಇಲ್ವಲ್ಲ!"

ಹನ್ನೊಂದು ಹೆಣಗಳೂ ಬಂದು ಉರುಳಣ್ಣನ ಪಕ್ಕದಲ್ಲಿ ಸಾಲಾಗಿ ನಿಂತವು. ಹೀರೋ ಮತ್ತೆ ಹಾರಿಸಹೋದ. ಟಿಕ್ ಅಂದಿತು, ಅಷ್ಟೇ.

"ಕಟ್! ನಿಲ್ಸೋ ಅದನ್ನ!" ನಿರ್ದೇಶಕರು ಕ್ಯಾಮೆರಾದವನತ್ತ ಕಿರುಚಿದರು.

ಕ್ಯಾಮೆರಾದವನು ಕಣ್ಣು ಕೀಳಲಿಲ್ಲ. "ಇರಿ ಸಾರ್, ಎಡಗಡೆಯವನ ಮಕ ಅರ್ಧ ಕಾಣ್ತಿದೆ. ಏಯ್, ಸ್ವಲ್ಪ ಒಳಗೆ ಬಾರಪ್ಪಾ."