ಕೊಡೆಯವನ ಕಾಲಿನ ಚಪ್ಪಲಿ

ಅಬೊಮೆ ಪಟ್ಟಣದ ಅರಮನೆಯೊಳಗೆ ಚಪ್ಪಲಿ ಮೆಟ್ಟುವವರು ಅರಸರೊಬ್ಬರೇ. ಉಳಿದವರೆಲ್ಲ ಬಾಗಿಲಾಚೆ ಬಿಟ್ಟು ಬರಬೇಕು. ಹಾಲು ಕುಡಿಯುವ ಕೂಸಿಗೂ ಗೊತ್ತಿರುವ ಮಾತಿದು. ಮರೆತವನು ಎರಕದ ಅಗೊಸು. ಅದೂ ಮುತ್ತಜ್ಜನ ಕಾಲದಿಂದ ಅರಮನೆಗೆ ಹಿತ್ತಾಳೆ ಬೊಂಬೆ ಎರೆದುಕೊಟ್ಟ ಮನೆತನದವನು!

ಹಿರಿಯರ ಪೂಜೆಗೆಂದು ಅರಸರು ಮೆರವಣಿಗೆಯ ಬೊಂಬೆ ಮಾಡಲು ಹೇಳಿದ್ದರು. ಮುಂದೆ ಅರಸ, ಹಿಂದೆ ಕೊಡೆ ಹಿಡಿದವನು. ಪ್ರವಾಸಿಗರ ಅಂಗಡಿಗಳಿಗೆ ಪೊಲೀಸರ, ದರ್ಜಿಗಳ ಬೊಂಬೆ ಮಾಡಿ ಮಾಡಿ, ಕಂಡ ಕಾಲಿಗೆಲ್ಲ ಮೇಣದ ಚಪ್ಪಲಿ ಅಂಟಿಸುವುದು ಅಗೊಸುವಿನ ಕೈಗೆ ರೂಢಿಯಾಗಿತ್ತು. ಕೊಡೆಯವನಿಗೂ ಅಂಟಿಸಿಬಿಟ್ಟ. ಮಣ್ಣಿನ ಅಚ್ಚಿನೊಳಗಿನ ಮೇಣ ಕರಗಿಹೋಯಿತು, ಆ ಜಾಗಕ್ಕೆ ಹಿತ್ತಾಳೆ ಇಳಿಯಿತು, ಚಪ್ಪಲಿ ಉಳಿಯಿತು. ಅರಸನ ಮುಖವನ್ನು ಉಜ್ಜಿ ಉಜ್ಜಿ ಹೊಳೆಯಿಸಿದ ಪುಣ್ಯಾತ್ಮ ಹಿಂದಿನವನ ಕಾಲು ನೋಡಲಿಲ್ಲ.

ನೋಡಿದ್ದು ಅರಸರ ಮುದಿ ಸೋದರತ್ತೆ, ತುಂಬಿದ ಸಭೆಯಲ್ಲಿ.

"ಏನೋ ಅಗೊಸು, ನಮ್ಮೂರಿಗೀಗ ಇಬ್ಬರು ಅರಸರಾ? ನಮಗ್ಯಾರೂ ಹೇಳ್ಲೇ ಇಲ್ವಲ್ಲೋ."

ಯಾರೋ ಕಿಸಕ್ಕೆಂದರು. ತಪ್ಪಾಯಿತು ಅಂದಿದ್ದರೆ ಬೈಸಿಕೊಂಡು ಮುಗಿಯುತ್ತಿತ್ತೋ ಏನೋ. ಆದರೆ ಅರಮನೆಯ ಕೆಲಸ ದಾಯಾದಿಗಳ ಪಾಲಾದೀತೆಂದು ಅವನ ಎದೆ ಹಾರಿತು.

"ನನ್ನ ಕೈಕೆಲಸ ಅಲ್ಲ ಅತ್ತೆಮ್ಮಾ. ಕಾಲುಗಳನ್ನ ಮಾಡಿದ್ದು ನನ್ನ ಹೆಂಡ್ತಿ."

ಹೆಂಡತಿ ಹುಯೆಫಾ ಹೆಂಗಸರ ಸಾಲಿನಲ್ಲೇ ಕೂತಿದ್ದಳು. ಆ ಮೇಣವನ್ನು ಅವಳು ಮುಟ್ಟಿಯೂ ಇರಲಿಲ್ಲ. ಆ ವಾರವೆಲ್ಲ ಸಂತೆಯಲ್ಲಿ ಜೋಳದ ಮುದ್ದೆ ಮಾರುತ್ತಿದ್ದಳು. ಗಂಡನನ್ನು ಒಮ್ಮೆ ನೋಡಿದಳು. ಆಮೇಲೆ ಎದ್ದು ಬಂದು, ಅರಸರ ಮುಂದೆ ಬಗ್ಗಿ ಹಣೆಯನ್ನು ನೆಲಕ್ಕೆ ಒತ್ತಿ, ಅರಮನೆಯ ಪದ್ಧತಿಯಂತೆ ತಲೆಯ ಮೇಲೆ ಮಣ್ಣು ಹಾಕಿಕೊಂಡಳು.

"ನನ್ನದೇ ತಪ್ಪು ದೊರೆ."

ಅರಸರು ನಕ್ಕರು. ಚಪ್ಪಲಿಯನ್ನು ಅರದಿಂದ ಉಜ್ಜಿ ತೆಗೆಯುವಂತೆ ಹೇಳಿ, "ನಿಮ್ಮಪ್ಪನ ಕೈ ನಿನಗೆ ಬಂದಿದೆ. ಇನ್ನು ಹೆಂಗಸರಿಗೆ ಬಿಡಬೇಡ," ಎಂದು ಅಗೊಸುವನ್ನು ಹೊಗಳಿದರು. ಹೊಗಳಿಕೆ ಕೇಳುತ್ತ ನಿಂತವನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಭೂಮಿ ಬಾಯಿ ಬಿಡಲಿಲ್ಲ, ಅವನೂ ಬಿಡಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ನೆರೆಯವಳು ಕರೆದು ಕೇಳಿದಳು. "ಏನೇ ಹುಯೆಫಾ, ಹಣೆ ತುಂಬ ಮಣ್ಣು! ಅರಸರ ಮುಂದೆ ಹೋಗಿದ್ಯಾ?"

"ಹೂಂ ಕಣಕ್ಕಾ. ಕೆಲಸ ಮೆಚ್ಚಿದ್ರು."

ಆ ಮಾತು ಕೇಳಿ ಅಗೊಸು ಸರಸರ ಮುಂದೆ ನಡೆದ. ಮನೆಬಾಗಿಲಲ್ಲಿ ಅವಳಿಗಾಗಿ ಕಾದು ನಿಂತ.

"ಒರೆಸ್ಕೊಳ್ಳೇ ಅದನ್ನ," ಎಂದ ತಗ್ಗಿದ ದನಿಯಲ್ಲಿ.

"ಈ ಮಣ್ಣು ನಿಮ್ಮದು ರೀ. ನೀವೇ ಒರೆಸಿ," ಎಂದು ಅವಳು ಹಣೆಯನ್ನು ಅವನ ಮುಂದೆ ಒಡ್ಡಿ ನಿಂತಳು.

ಅವನ ಕೈ ಮೇಲೇಳಲಿಲ್ಲ.