ಕಾವಿಗೆ ಕೂತ ಕಬ್ಬಿಣ

ನಮ್ಮ ಯಜಮಾನರು ಮಾಡಿದ ಒಲೆಯನ್ನು ಕಂಡರೆ ನನಗೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಹಳೆಯ ಗ್ಯಾಸ್ ಸಿಲಿಂಡರಿನ ತಲೆ ಕೊಯ್ದು, ಒಳಗೆ ಲಾರಿಯ ಬ್ರೇಕ್ ಡ್ರಮ್ ಒಂದನ್ನು ಬಟ್ಟಲಿನ ಹಾಗೆ ಕೂರಿಸಿದ್ದರು. ಮೇಲೆ ತೂಗುಹಾಕಿದ ಡಬ್ಬದಿಂದ ತಾಮ್ರದ ಸಣ್ಣ ಪೈಪಿನಲ್ಲಿ ಸುಟ್ಟ ಎಂಜಿನ್ ಆಯಿಲ್ ಹನಿಹನಿಯಾಗಿ ಇಳಿಯುತ್ತಿತ್ತು. ಕೆಂಪಗೆ ಕಾದ ಡ್ರಮ್ಮಿನ ಮೇಲೆ ಬಿದ್ದ ಹನಿ ಅಲ್ಲೇ ಹೊತ್ತಿಕೊಳ್ಳುತ್ತಿತ್ತು. ಹೊಗೆ ಕೊಳವೆಯಲ್ಲಿ ಮಾಡಿನಾಚೆ ಹೋದರೂ ವಾಸನೆ ಮಾತ್ರ ನಮ್ಮ ಬಟ್ಟೆಬರೆ, ಹಾಸಿಗೆ, ತಲೆದಿಂಬಿನಲ್ಲೇ ಠಿಕಾಣಿ ಹೂಡಿತ್ತು. ಗಿರಾಕಿಗಳು ಬಿಟ್ಟುಹೋಗುವ ಕೊಳೆ ಆಯಿಲ್ಲಿನಲ್ಲಿ ಚಳಿಗಾಲವಿಡೀ ವರ್ಕ್‌ಶಾಪು ಬೆಚ್ಚಗಿರುತ್ತದೆ ಎಂದು ಇವರು ಬಂದವರೆದುರೆಲ್ಲ ಕೊಚ್ಚಿಕೊಳ್ಳುತ್ತಿದ್ದರು. ಬಂದವರು ಅಂಗೈ ಕಾಯಿಸಿಕೊಳ್ಳುತ್ತ ಹೌದೌದು ಎನ್ನುತ್ತಿದ್ದರು. ಕೈ ಬೆಚ್ಚಗಾಗುತ್ತಿರುವಾಗ ಇಲ್ಲ ಅನ್ನುವವರು ಯಾರು?

ನನ್ನ ಹುಚ್ಚು ಬೇರೆಯದು. ಹಿಂದಿನ ಕೋಣೆಯಲ್ಲಿ ಬಿದ್ದಿದ್ದ ಕೆಟ್ಟ ಫ್ರಿಜ್ಜಿಗೆ ಬಲ್ಬುಗಳನ್ನೂ ಹೊರಗಿನಿಂದಲೇ ಓದುವಂತೆ ಥರ್ಮಾಮೀಟರನ್ನೂ ಜೋಡಿಸಿ, ಮಗ್ಗುಲಲ್ಲಿ ಗಾಳಿಗೆಂದು ಮುಚ್ಚಳವಿರುವ ತೂತು ಕೊರೆದು ಬಾತುಕೋಳಿ ಮೊಟ್ಟೆಗಳಿಗೆ ಕಾವು ಕೊಡುತ್ತಿದ್ದೆ. ಹೋದ ವರ್ಷ ಮರಿಗಳು ಹೊರಬರುವ ಹೊತ್ತಿಗೆ ಸರಿಯಾಗಿ ಕರೆಂಟು ಹೋಯಿತು, ಒಂದೂ ಉಳಿಯಲಿಲ್ಲ. ಆಮೇಲೆ ಒಂದು ಚಿಪ್ಪು ಬಿಡಿಸಿ ನೋಡಿದೆ. ಪುಕ್ಕ, ಉಗುರು, ಎಲ್ಲವೂ ಬಂದಿತ್ತು. ಅದನ್ನು ನೋಡಬಾರದಿತ್ತು. ಈ ಸಲವೂ ಹಾಗೇ ಆದರೆ ಜನ್ಮದಲ್ಲಿ ಇನ್ನು ಮೊಟ್ಟೆ ಮುಟ್ಟುವುದಿಲ್ಲ ಎಂದು ಮನೆಯವರಿಗೆಲ್ಲ ಕೇಳುವ ಹಾಗೆ ಹೇಳಿಬಿಟ್ಟಿದ್ದೆ. ನಾನು ಹೇಳಿದರೆ ಹೇಳಿದ ಹಾಗೆ ಮಾಡುವವಳು ಎಂದು ಅವರಿಗೂ ಗೊತ್ತು.

ಈ ಸಲ ಮೊಟ್ಟೆಗಳನ್ನು ಕಿವಿಗೆ ಹಿಡಿದರೆ ಒಳಗಿನಿಂದ ಸಣ್ಣ ದನಿ ಕೇಳಲು ಶುರುವಾಗಿತ್ತು. ಅದೇ ದಿನ ಬೆಳಿಗ್ಗೆ ಗಾಳಿಗೆ ತಂತಿ ಕಡಿದು ಬಿತ್ತು. ನಾಳೆ ಮಧ್ಯಾಹ್ನದೊಳಗೆ ಕರೆಂಟಿನ ಮಾತೇ ಇಲ್ಲ ಎಂದು ಸುದ್ದಿ ಬಂತು. ನಾನೂ ಇವರೂ ಸೇರಿ ಫ್ರಿಜ್ಜನ್ನು ತಳ್ಳಿಕೊಂಡು ಬಂದು ಒಲೆಯ ಪಕ್ಕ ನಿಲ್ಲಿಸಿ, ಬಾಗಿಲನ್ನು ಒಲೆಯ ಕಡೆಗೆ ಅಷ್ಟೇ ಅಷ್ಟು ತೆರೆದಿಟ್ಟೆವು. ಥರ್ಮಾಮೀಟರಿನ ಗೆರೆ ನಿಲ್ಲಬೇಕಾದಲ್ಲಿ ನಿಂತಿತು. ಅಂದು ಮೊದಲ ಬಾರಿಗೆ ಆ ಒಲೆಗೆ ಮರ್ಯಾದೆ ಕೊಟ್ಟೆ.

ಮಧ್ಯಾಹ್ನ ಟ್ರ್ಯಾಕ್ಟರಿನವನು ತನ್ನ ಗಾಡಿ ರಿಪೇರಿಯಾಯಿತೇ ಎಂದು ಕೇಳಲು ಬಂದ. ಕೇಳುವವರು ಸಿಕ್ಕರೆ ಸಾಕು, ನಮ್ಮವರಿಗೆ ಮೈಮೇಲೆ ಪರಿವೆ ಇರುವುದಿಲ್ಲ. ಹಳೆಯ ಆಯಿಲ್ಲಿನಲ್ಲಿ ನೀರು ಸೇರಿರುತ್ತದೆ, ಅದು ಪೀಪಾಯಿಯ ತಳಕ್ಕಿಳಿಯುತ್ತದೆ. ಅದಕ್ಕೇ ಯಾವಾಗಲೂ ಮೇಲಿನಿಂದಲೇ ಮೊಗೆದು ತುಂಬಿಸುತ್ತಿದ್ದರು. ಅಂದು ಮಾತಿನ ಭರದಲ್ಲಿ ತಳದ ನಲ್ಲಿಯನ್ನೇ ತಿರುಗಿಸಿ ಡಬ್ಬ ತುಂಬಿಸಿದರು. ನೀರು ಕೆಂಡದಂಥ ಡ್ರಮ್ಮಿನ ಮೇಲೆ ಬಿದ್ದದ್ದೇ ಢಮ್ಮೆಂದು ಸದ್ದಾಯಿತು. ಉರಿ ಮೇಲೆದ್ದು ಇವರ ಹುಬ್ಬು ಸುಟ್ಟಿತು. ಆಯಿಲ್ ನಿಲ್ಲಿಸಿ ಬಗ್ಗಿ ನೋಡಿದರೆ ಡ್ರಮ್ಮು ಅಂಚಿನಿಂದ ತಳದವರೆಗೆ ಸೀಳಿತ್ತು.

ನಾನು ಏನೇನು ಬೈದೆ ಎಂದು ಇಲ್ಲಿ ಬರೆಯುವುದಿಲ್ಲ. ಫ್ರಿಜ್ಜಿನ ಬಾಗಿಲು ಮುಚ್ಚಿ, ಗ್ಯಾಸಿನಲ್ಲಿ ನೀರು ಕಾಯಿಸಿ, ಬಾಟಲಿಗಳಿಗೆ ತುಂಬಿ ಒಳಗಿಟ್ಟೆ. ಕೊಂಚ ಹೊತ್ತಿಗೆಲ್ಲ ಬಾಟಲಿ ತಣ್ಣಗಾಗುತ್ತಿತ್ತು. ಗ್ಯಾಸೂ ಮುಗಿಯುತ್ತ ಬಂದಿತ್ತು.

"ಕರೆಂಟ್ ಬರ್ಲಿ, ನಾಳೆ ವೆಲ್ಡಿಂಗ್ ಮಾಡಿದ್ರಾಯ್ತು" ಎಂದರು ಇವರು, ನನ್ನ ಮುಖ ನೋಡದೆ.

ಅತ್ತೆ ಮೂಲೆಯಲ್ಲಿ ಕೂತು ಹಳೆಯ ನಟ್ಟುಬೋಲ್ಟು ಆರಿಸುತ್ತಿದ್ದರು. ಮಾವ ಇದ್ದಾಗ ಅವರ ಜೊತೆ ಎರಕದ ಕುಲುಮೆಯಲ್ಲೇ ಅರ್ಧ ಆಯಸ್ಸು ಕಳೆದವರು. ತಲೆಯೆತ್ತದೆ ಹೇಳಿದರು: "ನಾಳೆ ಏನೂ ಇರಲ್ಲ. ಎರಕದ ಕಬ್ಬಿಣ ಅದು, ಆರಿದ್ರೆ ಸೀಳು ಇನ್ನೂ ಓಡುತ್ತೆ. ಬಿಸಿ ಇರುವಾಗ್ಲೇ ಬೆಸಿ."

"ಯಾವುದ್ರಲ್ಲಿ ಬೆಸೀಲಿ ಅಮ್ಮ, ಬಾಯಲ್ಲಾ?"

"ಆ ಗಾಡಿಗಳೆಲ್ಲ ಹಾರ್ನ್ ಬಾರ್ಸೋದು ಯಾವುದ್ರಲ್ಲಿ?"

ಇವರು ಗಾಡಿಗಳ ಕಡೆ ನೋಡಿದರು. ರಿಪೇರಿಗೆ ಬಂದ ಕಾರು, ನಮ್ಮ ಪಿಕಪ್ಪು, ಪಕ್ಕದಲ್ಲಿ ಟ್ರ್ಯಾಕ್ಟರು. ಟ್ರ್ಯಾಕ್ಟರಿನವನಿಗೆ ಥಟ್ಟನೆ ಅರ್ಥವಾಯಿತು.

"ನನ್ನ ಬ್ಯಾಟ್ರಿ ಮುಟ್ಬೇಡಿ. ಸಂಜೆಯೊಳಗೆ ಮನೆ ಸೇರ್ಬೇಕು ನಾನು."

ನಾನು ಒಂದು ಮೊಟ್ಟೆ ತಂದು ಅವನ ಕಿವಿಗೆ ಹಿಡಿದೆ. ಅವನು ಉಸಿರು ಬಿಗಿಹಿಡಿದು ಕೇಳಿದ. ಆಮೇಲೆ ಸ್ಪ್ಯಾನರ್ ಹುಡುಕಿಕೊಂಡು ತಾನೇ ಬ್ಯಾಟರಿ ಬಿಚ್ಚಿದ.

ಅಂಗಳದಲ್ಲಿ ಇಟ್ಟಿಗೆ ಜೋಡಿಸಿ ಇದ್ದಿಲು ಹಚ್ಚಿದೆವು. ಅದರ ಮೇಲೆ ಮರಳು ತುಂಬಿದ ತಗಡಿನ ಟಬ್ಬು, ಮರಳಿನಲ್ಲಿ ಅರ್ಧ ಹುಗಿದ ಡ್ರಮ್ಮು. ಇವರು ಸೀಳಿನುದ್ದಕ್ಕೂ ಉಳಿಯಲ್ಲಿ ಸಣ್ಣ ತೋಡು ಕೊರೆದರು. ಮೂರು ಬ್ಯಾಟರಿಗಳನ್ನು ಸಾಲಾಗಿ ಒಂದಕ್ಕೊಂದು ಜಂಪರ್ ವೈರಿನಿಂದ ಜೋಡಿಸಿ, ಕಿಡಿ ಹಾರದಷ್ಟು ದೂರದಲ್ಲಿ ಹಲಗೆ ಅಡ್ಡವಿಟ್ಟರು. ಒಂದು ತುದಿ ಡ್ರಮ್ಮಿಗೆ ಕಚ್ಚಿಕೊಂಡಿತು. ಇನ್ನೊಂದು ತುದಿ ಟ್ಯೂಬಿನ ರಬ್ಬರು ಸುತ್ತಿದ ಇಕ್ಕಳಕ್ಕೆ, ಇಕ್ಕಳದ ಬಾಯಲ್ಲಿ ವೆಲ್ಡಿಂಗ್ ರಾಡು. ಎರಕಕ್ಕೆಂದೇ ತರಿಸಿದ ರಾಡುಗಳಲ್ಲಿ ಕೆಲವೇ ಉಳಿದಿದ್ದವು.

"ಎಲ್ಲ ಆ ಕಡೆ ತಿರುಗಿ" ಎಂದು ಇವರು ಮುಖವಾಡ ಇಳಿಸಿಕೊಂಡರು.

ತಿರುಗಿ ನಿಂತೆ. ಎದುರಿನ ಗೋಡೆಯ ಮೇಲೆ ನನ್ನದೇ ನೆರಳು ಕಪ್ಪಗೆ ಬಿತ್ತು, ಗೋಡೆ ನೀಲಿಯಾಯಿತು. ಕಣ್ಣು ಮುಚ್ಚಿದರೂ ಬೆಳಕು ಗೊತ್ತಾಗುತ್ತಿತ್ತು. ಬೆಳಿಗ್ಗೆ ಪೀಂ ಎಂದು ಕೂಗಿ ನಾಯಿ ಅಟ್ಟುವ ಬ್ಯಾಟರಿಗಳು ಈಗ ಕಬ್ಬಿಣವನ್ನು ನೀರು ಮಾಡುತ್ತಿದ್ದವು. ಇಷ್ಟು ವರ್ಷ ಇವರ ಜೊತೆ ಬಾಳಿದ್ದೇನೆ, ಇವರ ಕೈಯಲ್ಲಿ ಇಂಥದ್ದೊಂದು ನಡೆಯುತ್ತದೆ ಎಂದು ಒಂದು ದಿನವೂ ನಿಂತು ಯೋಚಿಸಿರಲಿಲ್ಲ. ಹೆದರಿಕೆಯೂ ಆಯಿತು, ಹೆಮ್ಮೆಯೂ ಆಯಿತು. ಹೆಮ್ಮೆಯನ್ನು ಮಾತ್ರ ಮುಖದಲ್ಲಿ ತೋರಿಸಲಿಲ್ಲ, ಆಮೇಲೆ ಇವರನ್ನು ಹಿಡಿಯುವುದು ಕಷ್ಟ.

ರಾಡುಗಳೂ ಮುಗಿದವು, ಬ್ಯಾಟರಿಗಳೂ ಸೋತವು. ಇವರು ಮುಖವಾಡ ಎತ್ತಿದರು. ಸೀಳು ಇದ್ದಲ್ಲಿ ದಪ್ಪನೆಯ ಏಣು ಎದ್ದಿತ್ತು.

"ಇನ್ನೇನು, ಒಲೆಗೆ ಕೂರ್ಸೋದು ತಾನೆ" ಎಂದ ಟ್ರ್ಯಾಕ್ಟರಿನವನು.

"ಗಾಳಿ ತಾಕಿದ್ರೆ ಟಿಕ್ ಅಂತ ಬಿರಿಯುತ್ತೆ" ಎಂದರು ಅತ್ತೆ. "ಈಗ ಇದಕ್ಕೆ ಬಾಣಂತನ. ಬಿಸಿ ಮರಳಲ್ಲಿ ಪೂರ್ತಿ ಹುಗಿದು, ಮೇಲೆ ಗೋಣಿ ಹೊದ್ಸಿ, ಗಾಳಿಯಾಡದ ಕಡೆ ಇಡಿ. ತಾನಾಗಿ ಆರ್ಬೇಕು. ಬೆಳಿಗ್ಗೆವರೆಗೂ ಮುಟ್ಬಾರ್ದು."

ನನ್ನ ಕೈಯಲ್ಲಿ ಆಗಷ್ಟೇ ಹೊರತೆಗೆದ ಬಾಟಲಿ ಇತ್ತು, ತಣ್ಣಗೆ. ಫ್ರಿಜ್ಜಿನ ಗೆರೆ ಇಳಿಯುತ್ತಲೇ ಇತ್ತು. ಉಳಿದ ಇದ್ದಿಲನ್ನೇ ಒಂದು ಬಾಂಡ್ಲಿಯಲ್ಲಿ ಹಾಕಿ ಒಳಗಿಡೋಣವೇ ಎಂದು ಟ್ರ್ಯಾಕ್ಟರಿನವನು ಕೇಳಿದ. ಮುಚ್ಚಿದ ಪೆಟ್ಟಿಗೆಯಲ್ಲಿ ಇದ್ದಿಲು ಉಸಿರು ಕಟ್ಟಿಸಿ ಕೊಲ್ಲುತ್ತದೆ ಎಂದು ಅತ್ತೆ ಗದರಿದರು. ನಾನು ಟಬ್ಬನ್ನೇ ನೋಡುತ್ತಿದ್ದೆ. ಅದಕ್ಕೆ ಹೊಗೆಯಿಲ್ಲ, ಉರಿಯಿಲ್ಲ. ತುಂಬಿಕೊಂಡ ಬಿಸಿಯನ್ನು ಬೆಳಗಿನವರೆಗೆ ನಿಧಾನವಾಗಿ ಬಿಡುತ್ತ ಕೂರುವುದಷ್ಟೇ ಅದರ ಕೆಲಸ. ಗಾಳಿಯಾಡದ ಜಾಗ ಬೇಕಂತೆ.

"ಅತ್ತೆ, ಇದನ್ನ ನನ್ನ ಫ್ರಿಜ್ಜಲ್ಲಿಡೋಣ" ಎಂದೆ.

"ಮೊಟ್ಟೆ ಬೆಂದು ಹೋಗುತ್ತೆ ಕಣೇ" ಎಂದರು ಇವರು.

ಅತ್ತೆ ಎದ್ದು ಬಂದರು. ನನ್ನನ್ನೊಮ್ಮೆ ನೋಡಿದರು, ಟಬ್ಬಿನ ಮೇಲೆ ಅಂಗೈ ಹಿಡಿದರು, ಫ್ರಿಜ್ಜಿನ ದಪ್ಪ ಬಾಗಿಲನ್ನು ಬೆರಳಲ್ಲಿ ಕುಟ್ಟಿದರು. "ತಳಕ್ಕೆ ಇಟ್ಟಿಗೆ ಹಾಸಿ. ಮೇಲೆ ಇನ್ನೊಂದು ಗೇಣು ಮರಳು ಹಾಕಿ" ಎಂದರು.

ಆರಿದ ಒಲೆಯ ಪಕ್ಕದಿಂದ ಫ್ರಿಜ್ಜನ್ನು ಮತ್ತೆ ಹಿಂದಿನ ಕೋಣೆಗೆ ತಳ್ಳಿ ಹಾಗೇ ಮಾಡಿದೆವು. ಕೆಳಗೆ ಟಬ್ಬು, ಮರಳಿನ ಮೇಲೆ ಮೊಟ್ಟೆಗೆ ತೇವ ಬೇಕೆಂದು ಒದ್ದೆ ಗೋಣಿ, ಅದರ ಮೇಲಿನ ಜಾಲರಿಯಲ್ಲಿ ಮೊಟ್ಟೆಗಳು. ಗೆರೆ ಮೇಲೇರಿತು, ಏರುತ್ತಲೇ ಹೋಯಿತು. ತೂತಿನ ಮುಚ್ಚಳ ಸರಿಸಿ ಸ್ವಲ್ಪ ಬಿಸಿ ಹೊರಗೆ ಬಿಟ್ಟೆ. ಇಳಿಯಿತು. ಸರಿಸುತ್ತ, ಮುಚ್ಚುತ್ತ, ಕತ್ತಲಾಗುವಷ್ಟರಲ್ಲಿ ಅದರ ಮರ್ಜಿ ನನಗೆ ತಿಳಿಯಿತು. ಗೆರೆ ನಿಂತಿತು.

ಟ್ರ್ಯಾಕ್ಟರು ಸ್ಟಾರ್ಟ್ ಆಗುವಂತಿರಲಿಲ್ಲವಾದ್ದರಿಂದ ಅದರ ಒಡೆಯನೂ ನಮ್ಮ ಜೊತೆಯೇ ಕೂತ. ನಾಲ್ವರೂ ಕಂಬಳಿ ಹೊದ್ದು ಫ್ರಿಜ್ಜನ್ನು ಸುತ್ತುವರಿದಿದ್ದೆವು. ಆಗ ಒಳಗಿನಿಂದ ಕೇಳಿಸಿತು.

ಟಿಕ್.

ಇವರು ಕಣ್ಣು ಮುಚ್ಚಿಕೊಂಡರು. "ಹೋಯ್ತು. ಬಿರಿಯಿತು."

"ಅಲ್ಲ, ಅದು ನಂದು" ಎಂದೆ. "ಚಿಪ್ಪು ಒಡೀತಿದೆ."

"ಕಬ್ಬಿಣದ ಸದ್ದು ನಂಗೊತ್ತಿಲ್ವಾ?"

"ಮೊಟ್ಟೆ ಸದ್ದು ನಂಗೊತ್ತಿಲ್ವಾ?"

ಬಾಗಿಲು ತೆರೆದು ನೋಡುವ ಹಾಗಿರಲಿಲ್ಲ. ತೆರೆದರೆ ತಣ್ಣನೆಯ ಗಾಳಿ ನುಗ್ಗಿ ಇಬ್ಬರದ್ದೂ ಹಾಳಾಗುತ್ತಿತ್ತು. ಮತ್ತೊಂದು ಟಿಕ್. ಒಂದೇ ಸದ್ದಿಗೆ ಇವರು ಕುಗ್ಗುತ್ತಿದ್ದರು, ನಾನು ನೆಟ್ಟಗಾಗುತ್ತಿದ್ದೆ. ಡ್ರಮ್ಮು ಬಿರಿದರೆ ನಾಳೆ ಒಲೆಯಿಲ್ಲ, ಹುಟ್ಟಿದ ಮರಿಗಳೂ ಈ ಚಳಿಗೆ ಉಳಿಯುವುದಿಲ್ಲ ಎಂಬುದು ಆಮೇಲೆ ನನಗೂ ಹೊಳೆಯಿತು. ಆಗಿನಿಂದ ಪ್ರತಿ ಸದ್ದಿಗೂ ನಾನೂ ಇವರ ಕೈ ಹಿಡಿದುಕೊಂಡೆ. ಅತ್ತೆ ಮಾತ್ರ ಗೋಡೆಗೊರಗಿ, "ಎರಡೂ ನಮ್ಮದೇ, ಸುಮ್ನಿರಿ" ಎಂದು ನಿದ್ದೆ ಹೋದರು.

ಬೆಳಕು ಹರಿದಾಗ ಸದ್ದು ಲೆಕ್ಕವಿಲ್ಲದಷ್ಟಾಗಿತ್ತು. ನಾನು ಬಾಗಿಲು ತೆರೆದೆ.

ಜಾಲರಿಯ ತುಂಬ ಚಿಪ್ಪಿನ ಚೂರು. ಕೆಲವು ಮೊಟ್ಟೆಗಳು ಇನ್ನೂ ಒಳಗಿನಿಂದ ಕುಟ್ಟಿಸಿಕೊಳ್ಳುತ್ತಿದ್ದವು. ಉಳಿದ ಮರಿಗಳು ಅಂಚಿನಿಂದ ಉರುಳಿ ಗೋಣಿಯ ಮೇಲೆ ಬಿದ್ದು, ಡ್ರಮ್ಮು ಹುಗಿದಿದ್ದ ಜಾಗದಲ್ಲೇ ಒತ್ತಾಗಿ ಮಲಗಿದ್ದವು. ಹಳದಿ ಮೈ ಒಣಗಿ ಹಗುರಾಗಿತ್ತು. ಮರಳು ಇನ್ನೂ ಉಗುರುಬೆಚ್ಚಗಿತ್ತು. ಟ್ರ್ಯಾಕ್ಟರಿನವನು ತಲೆಯ ಟೋಪಿ ತೆಗೆದ. ನನಗೆ ಅಳು ಬಂತು, ತಡೆಯಲಿಲ್ಲ.

ಮರಿಗಳನ್ನು ಒಂದೊಂದಾಗಿ ಎತ್ತಿ ನೆಲಕ್ಕಿಳಿಸಿದೆವು. ಇವರು ಮರಳು ಸರಿಸಿ, ಡ್ರಮ್ಮನ್ನು ಹೊರತೆಗೆದು ಸುತ್ತಿಗೆಯ ಹಿಡಿಯಿಂದ ತಟ್ಟಿದರು. ಗಂಟೆ ಹೊಡೆದಂತೆ ಠಣ್ಣೆಂದಿತು, ಎಲ್ಲೂ ಒಡಕು ದನಿಯಿಲ್ಲ. ಅದನ್ನು ಟಬ್ಬಿನೊಳಗೇ ಇಟ್ಟು, ಟಬ್ಬಿನ ಹಿಡಿಗೆ ತಂತಿ ಕಟ್ಟಿ ಒಲೆಯ ಕಡೆಗೆ ಎಳೆಯತೊಡಗಿದರು. ಟಬ್ಬು ಕಿರ್ರೆಂದು ಹೊರಟಿತು. ಮರಿಗಳೂ ಹೊರಟವು.

ಸಾಲಾಗಿ, ಎಡವುತ್ತ, ಬೀಳುತ್ತ, ಏಳುತ್ತ ಅದರ ಹಿಂದೆ ಹೋದವು. ನಾನು ಬಾ ಬಾ ಎಂದು ಕರೆದೆ. ಒಂದೂ ತಿರುಗಿ ನೋಡಲಿಲ್ಲ. ಇವರು ನಿಂತರೆ ನಿಂತವು, ಎಳೆದರೆ ನಡೆದವು.

"ನಿಧಾನಕ್ಕೆ ಎಳೆಯೋ" ಎಂದರು ಅತ್ತೆ. "ತಾಯಿ ಓಡಿದ್ರೆ ಮರಿಗಳೇನು ಮಾಡ್ತವೆ?"

ಡ್ರಮ್ಮು ಒಲೆಯಲ್ಲಿ ಕೂತಿತು. ಮರಿಗಳು ಒಲೆಯ ಸುತ್ತ ನೆರೆದು ಮೇಲೆ ನೋಡುತ್ತ ಕೂಗಿದವು. ಈ ಸಲ ಆಯಿಲ್ಲನ್ನು ಪೀಪಾಯಿಯ ಮೇಲಿನಿಂದಲೇ ಮೊಗೆದಿದ್ದರು. ಬೆಂಕಿಕಡ್ಡಿ ಕೈಯಲ್ಲಿತ್ತು. ಗೀರಲಿಲ್ಲ. ನನ್ನ ಮುಖ ನೋಡಿದರು. ಅವುಗಳ ಕಣ್ಣೆದುರಿಗೇ ಹೇಗೆ ಹಚ್ಚುವುದು?

ಅತ್ತೆ ಹತ್ತಿರ ಬಂದು ಮಗನ ಭುಜದ ಮೇಲೆ ಕೈಯಿಟ್ಟರು. "ಹಚ್ಚಪ್ಪ. ಮಕ್ಕಳಿಗೆ ಚಳಿಯಾಗ್ತಿದೆ."

ಇವರು ಕಡ್ಡಿ ಗೀರಿದರು. ಡ್ರಮ್ಮು ಮೆಲ್ಲಗೆ ಕಾದು ಕೆಂಪಗಾಯಿತು. ಮರಿಗಳು ಕೂಗು ನಿಲ್ಲಿಸಿ, ಸಹಿಸಬಹುದಾದಷ್ಟು ಹತ್ತಿರ ಸರಿದು, ಕುತ್ತಿಗೆ ಒಳಗೆಳೆದುಕೊಂಡು ಕೂತವು.